ಮೆಣಸಿನ ಬಳ್ಳಿಯ ಬುಡವನ್ನು ಕಾಯಿರಿ
(ಮಲೆನಾಡಿನ ಅಡಿಕೆ ಬೆಳೆಗಾರರ ಸಭೆಯಲ್ಲಿ ಮಾಡಿದ ಭಾಷಣ)



ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುವುದು ನಮಗೆ ಹೊಸದಲ್ಲ. ಬೇರೆ ನೆಲ ಕೇಳದೆ, ಇದ್ದ ಮರವನ್ನೇ ಆಸರೆ ಮಾಡಿಕೊಂಡು ಎರಡನೆಯ ಆದಾಯ ಕೊಡುವ ಬೆಳೆ ಇದು. ಆದರೆ ಹತ್ತು ವರ್ಷ ಸಾಕಿದ ಬಳ್ಳಿ ಒಂದೇ ಮಳೆಗಾಲದಲ್ಲಿ ಸೊರಗಿ ಸಾಯುವುದನ್ನೂ ನಾವು ಕಂಡಿದ್ದೇವೆ. ಈ ದಿನ ಅದನ್ನು ಕುರಿತೇ ನಾಲ್ಕು ಮಾತು ಹೇಳುತ್ತೇನೆ.

ಈ ಶೀಘ್ರ ಸೊರಗು ರೋಗಕ್ಕೆ ಕಾರಣ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ. ಅಡಿಕೆಗೆ ಕೊಳೆರೋಗ ತರುವುದೂ ಇದೇ ಕುಲದ್ದು. ಇದು ಮಣ್ಣಿನಲ್ಲಿದ್ದು, ನಿಂತ ನೀರಿನಲ್ಲಿ ಹರಡುತ್ತದೆ. ಮಳೆಹನಿ ಸಿಡಿಸಿದ ಮಣ್ಣಿನೊಡನೆ ಕೆಳಗಿನ ಎಲೆಗೆ ಏರುತ್ತದೆ. ಮೊದಲು ಎಲೆಗಳಲ್ಲಿ ಕಪ್ಪು ಮಚ್ಚೆ ಕಾಣುತ್ತದೆ. ರೋಗ ಬುಡಕ್ಕೆ ತಗುಲಿತೆಂದರೆ ಎಲೆ ಜೋತು, ಗೆಣ್ಣು ಕಳಚಿ, ಕೆಲವೇ ವಾರಗಳಲ್ಲಿ ಬಳ್ಳಿ ಮುಗಿಯಿತು. ಆ ಮೇಲೆ ಔಷಧಿ ಹೊಡೆದು ಫಲವಿಲ್ಲ. ಆದ್ದರಿಂದ ಕೆಲಸವೆಲ್ಲ ಮಳೆಗೆ ಮುಂಚೆಯೇ ಆಗಬೇಕು.

ಮೊದಲನೆಯದು, ಸಸಿ. ರೋಗವಿಲ್ಲದ ತೋಟದ, ಚೆನ್ನಾಗಿ ಫಲ ಕೊಡುವ ಬಳ್ಳಿಯನ್ನೇ ಆರಿಸಿರಿ. ಅದರ ಬುಡದಿಂದ ಹೊರಡುವ ಹಬ್ಬು ಬಳ್ಳಿಯನ್ನು ನೆಲಕ್ಕೆ ಬಿಡದೆ ಗೂಟಕ್ಕೆ ಸುತ್ತಿಡಿರಿ. ಫೆಬ್ರವರಿ–ಮಾರ್ಚಿಯಲ್ಲಿ ಎರಡು ಮೂರು ಗೆಣ್ಣಿನ ತುಂಡು ಮಾಡಿ, ಚೀಲದಲ್ಲಿ ಬೇರು ಬರಿಸಿ, ಮಳೆ ಹಿಡಿದಾಗ ಮರದ ಉತ್ತರ ದಿಕ್ಕಿಗೆ ನೆಡಿರಿ. ಆಗ ಎಳೆಯ ಸಸಿಗೆ ಬೇಸಗೆಯ ಬಿಸಿಲು ತಟ್ಟುವುದಿಲ್ಲ.

ಎರಡನೆಯದು, ನೀರು. ಇದೇ ಎಲ್ಲಕ್ಕಿಂತ ದೊಡ್ಡದು. ಮೇ ತಿಂಗಳಲ್ಲಿ ಬಸಿಗಾಲುವೆಗಳ ಹೂಳು ತೆಗೆಯಿರಿ. ಬುಡಕ್ಕೆ ಮಣ್ಣು ಏರಿಸಿ, ನೀರು ನಿಲ್ಲದಂತೆ ಮಾಡಿರಿ. ನೆಲದ ಮೇಲೆ ಹರಿದ ಕುಡಿಗಳನ್ನು ಮರಕ್ಕೆ ಕಟ್ಟಿರಿ, ಇಲ್ಲವೇ ಕತ್ತರಿಸಿರಿ. ನೆರಳು ದಟ್ಟವಾಗಿದ್ದರೆ ಕೊಂಬೆ ಸವರಿ ಗಾಳಿ ಬೆಳಕು ಬಿಡಿರಿ. ಮಳೆಗಾಲದಲ್ಲಿ ಬುಡವನ್ನು ಅಗೆಯಬೇಡಿರಿ. ಬೇರಿಗೆ ಆದ ಗಾಯವೇ ರೋಗಕ್ಕೆ ಬಾಗಿಲು.

ಮೂರನೆಯದು, ಔಷಧಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಆ ರೋಗಕ್ಕೆ ನಾವು ಹೊಡೆಯುವ ಬೋರ್ಡೊ ದ್ರಾವಣವೇ ಮೆಣಸಿಗೂ ರಕ್ಷೆ. 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಟ್ಟ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆಬೇರೆಯಾಗಿ ಕರಗಿಸಿರಿ. ಪಾತ್ರೆ ಕಬ್ಬಿಣದ್ದು ಬೇಡ, ಪ್ಲಾಸ್ಟಿಕ್ ಆಗಬಹುದು. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಿರಿ. ಹೊಳೆಯುವ ಚಾಕುವನ್ನು ಅದರಲ್ಲಿ ಅದ್ದಿ ನೋಡಿ, ಕೆಂಪು ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸಿರಿ. ಮಾಡಿದ ದಿನವೇ ಬಳಸಿರಿ. ಮಳೆಗೆ ಮುಂಚೆ ಒಮ್ಮೆ, ಆಗಸ್ಟ್–ಸೆಪ್ಟೆಂಬರಿನಲ್ಲಿ ಬಿಡುವು ನೋಡಿ ಇನ್ನೊಮ್ಮೆ ಎಲೆಯ ಅಡಿಗೂ ತಗುಲುವಂತೆ ಹೊಡೆಯಿರಿ. ಅದೇ ಹೊತ್ತಿಗೆ ಲೀಟರಿಗೆ 2 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿದ ನೀರನ್ನು ಬಳ್ಳಿಗೆ 5ರಿಂದ 10 ಲೀಟರಿನಂತೆ ಬುಡಕ್ಕೆ ಸುರಿಯಿರಿ. ಟ್ರೈಕೋಡರ್ಮ ಹಾಕುವವರು ಅದನ್ನು ತಾಮ್ರದ ಔಷಧಿಯೊಡನೆ ಬೆರೆಸಬಾರದು. ತಾಮ್ರ ಅದನ್ನೇ ಕೊಲ್ಲುತ್ತದೆ.

ಸತ್ತ ಬಳ್ಳಿಯನ್ನು ಮರದ ಮೇಲೆ ಬಿಡಬೇಡಿರಿ. ಬೇರು ಸಹಿತ ಕಿತ್ತು ಸುಟ್ಟುಬಿಡಿರಿ. ಆ ಜಾಗದ ಮಣ್ಣನ್ನು ಸಸಿಯ ಚೀಲಕ್ಕೆ ತುಂಬಬೇಡಿರಿ.

ಇನ್ನೊಂದು ಮಾತು. ಮೇಲಿನ ತೋಟದ ನೀರು ಕೆಳಗಿನ ತೋಟಕ್ಕೇ ಇಳಿಯುತ್ತದೆ. ಒಬ್ಬನು ಕಾಲುವೆ ತೋಡಿ, ನೆರೆಯವನು ಸುಮ್ಮನಿದ್ದರೆ ಇಬ್ಬರ ಬಳ್ಳಿಗೂ ಕೇಡು. ಕಾಲುವೆ ಕೆಲಸವನ್ನು ಊರವರೆಲ್ಲ ಕೂಡಿ, ಒಂದೇ ವಾರದಲ್ಲಿ ಮುಗಿಸಿರಿ. ಬುಡ ಗಟ್ಟಿಯಿದ್ದರೆ ಬಳ್ಳಿ ತಾನಾಗಿ ಮರ ಏರುತ್ತದೆ.