ಹಾರಾಟವನ್ನು ತೊರೆದ ಹಕ್ಕಿಗಳು



ಹಕ್ಕಿಗೆ ರೆಕ್ಕೆ ಮೂಡಿದ ಬಗೆಯನ್ನು ಕುರಿತು ಬಹಳಷ್ಟು ಜನ ಓದಿರುತ್ತಾರೆ. ಮೂಡಿದ ರೆಕ್ಕೆಯನ್ನು ಅದು ಬಿಟ್ಟುಕೊಟ್ಟ ವೃತ್ತಾಂತ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಜರ್ಮನಿಯ ಬವೇರಿಯಾ ಪ್ರಾಂತ್ಯದ ಸುಣ್ಣಕಲ್ಲಿನ ಗಣಿಗಳಿಂದ 1861ರಲ್ಲಿ ಬೆಳಕಿಗೆ ಬಂದ ಆರ್ಕಿಯಾಪ್ಟೆರಿಕ್ಸ್ ಸುಮಾರು 15 ಕೋಟಿ ವರ್ಷಗಳ ಹಿಂದಿನ ಜೀವಿ. ಮೈಮೇಲೆ ಗರಿಗಳಿದ್ದವು, ಆದರೆ ಬಾಯಲ್ಲಿ ಹಲ್ಲು, ರೆಕ್ಕೆಯಲ್ಲಿ ಉಗುರು, ಹಿಂದೆ ಉದ್ದನೆಯ ಮೂಳೆಯ ಬಾಲ. ಡೈನೋಸಾರುಗಳ ಒಂದು ಶಾಖೆಯಿಂದ ಪಕ್ಷಿಕುಲ ಕವಲೊಡೆಯಿತೆಂಬುದಕ್ಕೆ ಇದು ಮಹತ್ವದ ಸಾಕ್ಷ್ಯ. ಅಚ್ಚರಿಯೆಂದರೆ, ಹಾರಲು ಕಲಿತ ಈ ಕುಲದಲ್ಲಿ ಹಾರಾಟದ ತ್ಯಾಗವೂ ಬಹು ಹಿಂದೆಯೇ ಆರಂಭವಾಯಿತು. ಉತ್ತರ ಅಮೆರಿಕದ ನಡುನೆಲವನ್ನು ಸಮುದ್ರ ಆವರಿಸಿದ್ದ ಕಾಲದಲ್ಲಿ, ಅಂದರೆ ಸುಮಾರು 8 ಕೋಟಿ ವರ್ಷಗಳ ಹಿಂದೆ, ಹೆಸ್ಪೆರಾರ್ನಿಸ್ ಎಂಬ ಹಲ್ಲುಳ್ಳ ಹಕ್ಕಿ ಕಾಲುಗಳಿಂದಲೇ ಈಜಿ ಮೀನು ಹಿಡಿಯುತ್ತಿತ್ತು. ಅದರ ರೆಕ್ಕೆ ಹೆಸರಿಗಷ್ಟೇ ಉಳಿದಿತ್ತು. 6 ಕೋಟಿ 60 ಲಕ್ಷ ವರ್ಷಗಳ ಹಿಂದಿನ ಮಹಾವಿನಾಶದಲ್ಲಿ ಹಲ್ಲುಳ್ಳ ಹಕ್ಕಿಗಳೆಲ್ಲ ಅಳಿದವು; ಹಲ್ಲಿಲ್ಲದ ಕೊಕ್ಕಿನ ಕೆಲವೇ ಕವಲುಗಳು ಉಳಿದವು.

ಉಳಿದವುಗಳ ಸಂತತಿಯಲ್ಲಿಯೂ ನೆಲಕ್ಕಿಳಿದವು ಅನೇಕ. ಮಡಗಾಸ್ಕರಿನ ಆನೆಹಕ್ಕಿ ಸುಮಾರು 3 ಮೀಟರ್ ಎತ್ತರ. ಅದರ ಒಂದು ಮೊಟ್ಟೆ ಕೋಳಿಯ ನೂರೈವತ್ತು ಮೊಟ್ಟೆಗಳಿಗೆ ಸಮ! 2014ರಲ್ಲಿ ಪ್ರಕಟವಾದ ಡಿ.ಎನ್.ಎ. ಅಧ್ಯಯನದಂತೆ ಅದರ ಅತಿ ಸಮೀಪದ ಬಂಧು ನ್ಯೂಜಿಲೆಂಡಿನ ಪುಟ್ಟ ಕಿವಿ ಪಕ್ಷಿ. ಅದೇ ನ್ಯೂಜಿಲೆಂಡಿನಲ್ಲಿದ್ದ ಮೋವಾ ಪಕ್ಷಿಗಳಲ್ಲಿ 9 ಪ್ರಭೇದಗಳು. ಅವಕ್ಕೆ ರೆಕ್ಕೆಯ ಕುರುಹೂ ಇರಲಿಲ್ಲ. ಬೇಟೆಯಾಡುವ ಮೃಗಗಳಿಲ್ಲದ ಆ ನಾಡಿನಲ್ಲಿ ಅವಕ್ಕಿದ್ದ ವೈರಿ ಒಂದು ದೈತ್ಯ ಹದ್ದು ಮಾತ್ರ. 13ನೆಯ ಶತಮಾನದ ಸುಮಾರಿಗೆ ಮನುಷ್ಯ ಅಲ್ಲಿ ಕಾಲಿಟ್ಟ. ಸುಮಾರು ಎರಡು ಶತಮಾನಗಳಲ್ಲಿ ಮೋವಾ ಇಲ್ಲವಾಯಿತು. ಅದನ್ನೇ ನೆಚ್ಚಿಕೊಂಡಿದ್ದ ಹದ್ದೂ ಇಲ್ಲವಾಯಿತು.

ಇವೆಲ್ಲ ದೂರದ ನಾಡುಗಳ ಮಾತಾಯಿತು. ಭಾರತದಲ್ಲಿಯೂ ಒಂದು ಕಾಲಕ್ಕೆ ಉಷ್ಟ್ರಪಕ್ಷಿ ಓಡಾಡುತ್ತಿತ್ತೆಂಬುದು ಹಲವರಿಗೆ ಹೊಸ ಸಂಗತಿಯಾಗಬಹುದು. ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಪಾಟ್ಣೆಯ ಉತ್ಖನನದಲ್ಲಿ ಅದರ ಮೊಟ್ಟೆಯ ಚಿಪ್ಪುಗಳು ದೊರೆತಿವೆ. ಸುಮಾರು 25,000 ವರ್ಷಗಳಷ್ಟು ಹಳೆಯದಾದ ಒಂದು ಚೂರಿನ ಮೇಲೆ ಅಡ್ಡಾದಿಡ್ಡಿ ಗೆರೆಗಳ ಕೆತ್ತನೆಯೂ ಇದೆ. ಇವು ನಿಜಕ್ಕೂ ಉಷ್ಟ್ರಪಕ್ಷಿಯವೇ ಎಂಬ ಸಂದೇಹಕ್ಕೆ ಉತ್ತರ ದೊರೆತದ್ದು 2017ರಲ್ಲಿ. ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳೂ ಸೇರಿದ್ದ ತಂಡವು ಭಾರತದಲ್ಲಿ ದೊರೆತ ಇಂಥ ಚಿಪ್ಪಿನಿಂದ ಡಿ.ಎನ್.ಎ. ಬೇರ್ಪಡಿಸಿ, ಅದು ಆಫ್ರಿಕದ ಉಷ್ಟ್ರಪಕ್ಷಿಯ ನಿಕಟ ಬಂಧುವೆಂದು ತೋರಿಸಿತು.

ಆ ಕಾಲದ ಜನ ಚಿಪ್ಪನ್ನು ದುಂಡಗೆ ಉಜ್ಜಿ, ನಡುವೆ ತೂತು ಕೊರೆದು ಮಣಿ ಮಾಡುತ್ತಿದ್ದರು. ಮಧ್ಯಪ್ರದೇಶದ ಭೀಮ್‌ಬೇಟ್ಕಾದ ಒಂದು ಸಮಾಧಿಯಲ್ಲಿ ಅಂಥ ಮಣಿಗಳು ಶವದ ಕೊರಳ ಬಳಿಯಲ್ಲಿಯೇ ಇದ್ದವು.