ಹಿರಿಯರ ನೆನಪುಗಳನ್ನು ಎಷ್ಟು ನಂಬಬೇಕು?

(ಸಂಘದ ಮಾಸಿಕ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಇತಿಹಾಸದ ವಿಷಯವಾಗಿ ಮಾತನಾಡಲು ನನಗೆ ಯಾವ ಅಧಿಕಾರವೂ ಇಲ್ಲ. ನಾನು ಓದಿದ್ದು ಬಿ.ಕಾಂ.; ಮಾಡುತ್ತಿರುವುದು ಬ್ಯಾಂಕಿನಲ್ಲಿ ಗುಮಾಸ್ತೆಯ ಕೆಲಸ. ದಿನದ ವ್ಯವಹಾರ ಮುಗಿದ ಮೇಲೆ ಪೆಟ್ಟಿಗೆಯಲ್ಲಿರುವ ನಗದಿಗೂ ದಾಖಲೆಯಲ್ಲಿರುವ ಅಂಕಿಗೂ ತಾಳೆ ನೋಡುವುದು ನನ್ನ ನಿತ್ಯಕರ್ಮ. ತಾಳೆಯಾಗದಿದ್ದರೆ ಮನೆಗೆ ಹೋಗುವಂತಿಲ್ಲ. ಈ ಒಂದು ಅಭ್ಯಾಸವೇ ಇವತ್ತಿನ ನನ್ನ ಮಾತಿಗೆ ಬಂಡವಾಳವೆಂದು ತಿಳಿದು, ತಪ್ಪಿದ್ದರೆ ಮನ್ನಿಸಬೇಕೆಂದು ಮೊದಲೇ ಬೇಡಿಕೊಳ್ಳುತ್ತೇನೆ.

ನಮ್ಮ ಹಿರಿಯ ಸದಸ್ಯರ ನೆನಪುಗಳನ್ನು ಬರೆಯಿಸಿ ಪುಸ್ತಕವಾಗಿ ತರಬೇಕೆಂದು ಸಂಘವು ತೀರ್ಮಾನಿಸಿದೆ. ಇದು ಎಂದೋ ಆಗಬೇಕಾಗಿದ್ದ ಕೆಲಸ. ಊರು ಬಿಟ್ಟು ಬಂದವರ ಚರಿತ್ರೆಯನ್ನು ಯಾವ ಶಾಸನವೂ ಹೇಳುವುದಿಲ್ಲ. ಅದು ಇರುವುದು ಮುದುಕರ ಬಾಯಲ್ಲಿ. ಆದರೆ ಆ ಕೆಲಸಕ್ಕೆ ಕೈ ಹಾಕುವ ಮೊದಲು ನನ್ನ ಮನೆಯದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ನನ್ನ ಅಜ್ಜ ಹದಿನೆಂಟನೆಯ ವಯಸ್ಸಿನಲ್ಲಿ ಉಡುಪಿಯ ಕಡೆಯ ಒಂದು ಹಳ್ಳಿಯಿಂದ ಮುಂಬಯಿಗೆ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿ, ಕಡೆಗೆ ಒಂದು ಕಚೇರಿಯಲ್ಲಿ ಕಾರಕೂನರಾದರು. ಎಂಬತ್ತು ದಾಟಿದ ಮೇಲೆ ಅವರು ಬರೆದ ನೆನಪಿನ ಲೇಖನವೊಂದು ಇದೇ ರಾಜ್ಯೋತ್ಸವ ಸಂಚಿಕೆಯಲ್ಲಿ ಅಚ್ಚಾಯಿತು. ಹಲವರು ಅದನ್ನು ಮೆಚ್ಚಿ ಪತ್ರ ಬರೆದರು. ಅದರಲ್ಲಿ ಎಲ್ಲರ ಮನಸ್ಸಿನಲ್ಲಿ ಉಳಿದದ್ದು ಬಂದರಿನ ಸ್ಫೋಟದ ವರ್ಣನೆ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕಿನ್ ಎಂಬ ಹಡಗು ಬೆಂಕಿ ಹತ್ತಿ ಸಿಡಿಯಿತು. ಹಡಗಿನಲ್ಲಿ ಹತ್ತಿಯ ಮೂಟೆಗಳೂ ಇದ್ದವು, ಸುಮಾರು 1,400 ಟನ್ ಸ್ಫೋಟಕಗಳೂ ಇದ್ದವು. ಸಂಜೆ ನಾಲ್ಕು ದಾಟಿದ ಮೇಲೆ ಅರ್ಧ ಗಂಟೆಯ ಅಂತರದಲ್ಲಿ ಎರಡು ಸಲ ಸಿಡಿತವಾಗಿ, ನೂರಾರು ಜನ ಸತ್ತು, ಬಂದರಿನ ಸುತ್ತಲಿನ ಬೀದಿಗಳು ಹಾಳಾದವು. ಆಗ ತಾವು ಹೋಟೆಲಿನ ಒಳಗಿದ್ದುದನ್ನೂ, ಗಲ್ಲಾಪೆಟ್ಟಿಗೆಯ ಹಿಂದಿನ ಕನ್ನಡಿ ಚೂರಾದುದನ್ನೂ, ಉರಿಯುವ ಹತ್ತಿ ಆಕಾಶದಿಂದ ಬಿದ್ದುದನ್ನೂ ಅಜ್ಜ ಕಣ್ಣಿಗೆ ಕಟ್ಟುವಂತೆ ಬರೆದಿದ್ದರು.

ಎರಡು ವರ್ಷದ ಹಿಂದೆ ಊರಿನ ಮನೆಯನ್ನು ಕಳಚುವಾಗ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಅದರಲ್ಲಿ ಅಜ್ಜ ತಮ್ಮ ತಾಯಿಗೆ ಬರೆದ ಕಾರ್ಡುಗಳಿದ್ದವು. ಮುಂಬಯಿಗೆ ಮೊದಲ ಸಲ ಬಂದು ಮುಟ್ಟಿದೆ, ಚಿಂತಿಸಬೇಡ ಎಂದು ಬರೆದ ಕಾರ್ಡೂ ಇತ್ತು. ಅದರ ಮೇಲಿನ ಅಂಚೆಯ ಮುದ್ರೆ 1945ರ ಜೂನ್ ತಿಂಗಳದು. ಎಂದರೆ, ಸ್ಫೋಟವಾಗಿ ಹದಿನಾಲ್ಕು ತಿಂಗಳು ಕಳೆದಿತ್ತು!

ಅಜ್ಜ ಸುಳ್ಳು ಹೇಳುವ ಮನುಷ್ಯರಲ್ಲ. ಹಾಗಾದರೆ ಇದೇನು? ನಾನು ಊಹಿಸುವುದಿಷ್ಟು: ಆ ಹೋಟೆಲಿನಲ್ಲಿ ಸ್ಫೋಟವನ್ನು ಕಂಡ ಹುಡುಗರಿದ್ದರು. ರಾತ್ರಿ ಮೇಜುಗಳನ್ನು ಜೋಡಿಸಿ ಮಲಗಿದಾಗ ಅವರು ಹೇಳಿದ್ದನ್ನು ಅಜ್ಜ ನೂರು ಸಲ ಕೇಳಿರಬೇಕು. ಮೊದಮೊದಲು 'ಅವರು ಕಂಡರಂತೆ' ಎಂದು ಹೇಳಿರಬೇಕು. ಕಾಲ ಕಳೆದಂತೆ 'ಅಂತೆ' ಉದುರಿಹೋಯಿತು. ಕೇಳಿದ್ದು ಕಂಡದ್ದಾಯಿತು. ಇದು ನಮ್ಮೆಲ್ಲರಿಗೂ ಆಗುವುದೇ.

ಮನೆಯ ಮಾತಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಒಬ್ಬ ವಿದ್ಯಾರ್ಥಿ ಆ ಲೇಖನವನ್ನು ಕಣ್ಣಾರೆ ಕಂಡವರ ಸಾಕ್ಷ್ಯವೆಂದು ತನ್ನ ಪ್ರಬಂಧದಲ್ಲಿ ಸೇರಿಸಿಕೊಂಡಿರುವುದು ನನಗೆ ತಿಳಿಯಿತು. ಈಗ ಇದು ಚಲಾವಣೆಗೆ ಬಂದ ನೋಟು. ತಂದೆಯವರನ್ನು ಕೇಳಿದೆ. "ಮಗಾ, ಅವರು ತೀರಿಕೊಂಡು ಆರು ವರ್ಷವಾಯಿತು. ಈಗ ಅವರನ್ನು ಸುಳ್ಳುಗಾರರೆಂದು ಸಭೆಯ ಮುಂದೆ ನಿಲ್ಲಿಸುತ್ತೀಯಾ?" ಎಂದರು. ಆ ಪ್ರಶ್ನೆಗೆ ಉತ್ತರ ಹುಡುಕಲು ಹೊರಟು, ಇಂಥ ಬರಹಗಳನ್ನು ಇತಿಹಾಸಕಾರರು ಹೇಗೆ ಅಳೆಯುತ್ತಾರೆಂದು ಸ್ವಲ್ಪ ಓದಿದೆ. ಅದರಲ್ಲಿ ಎರಡು ನಿದರ್ಶನಗಳನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ಶಾಲೆಯಲ್ಲಿ ನಾವು ಕೇಳಿದ ಕಲ್ಕತ್ತೆಯ ಕಪ್ಪುಕೋಣೆಯ ಕಥೆ. 1756ರ ಜೂನ್ 20ರಂದು ಬಂಗಾಳದ ನವಾಬ ಸಿರಾಜುದ್ದೌಲನ ಸೈನ್ಯವು ಇಂಗ್ಲಿಷರ ಕೋಟೆಯನ್ನು ಹಿಡಿಯಿತು. ಅಂದು ರಾತ್ರಿ 146 ಮಂದಿಯನ್ನು ಒಂದು ಸಣ್ಣ ಕೋಣೆಗೆ ತಳ್ಳಿದರೆಂದೂ, ಬೆಳಗಾಗುವಾಗ 23 ಮಂದಿ ಮಾತ್ರ ಉಳಿದಿದ್ದರೆಂದೂ, ಬದುಕಿ ಬಂದ ಹಾಲ್‌ವೆಲ್ ಬರೆದ. ಅವನ ಕಥನ 1758ರಲ್ಲಿ ಅಚ್ಚಾಯಿತು. ಇಂಗ್ಲಿಷ್ ಪುಸ್ತಕಗಳು ಇದನ್ನು ನೂರೈವತ್ತು ವರ್ಷ ಪ್ರಶ್ನಿಸದೆ ಹೇಳಿಕೊಂಡು ಬಂದವು.

ಗುಮಾಸ್ತೆಯ ಲೆಕ್ಕ ಮಾಡಿ ನೋಡೋಣ. ಆ ಕೋಣೆಯ ಅಳತೆ 18 ಅಡಿಗೆ 14 ಅಡಿ 10 ಅಂಗುಲ; ಎಂದರೆ ಸುಮಾರು 267 ಚದರಡಿ. 146ರಿಂದ ಭಾಗಿಸಿದರೆ ಒಬ್ಬನಿಗೆ ಎರಡು ಚದರಡಿಯೂ ಬರುವುದಿಲ್ಲ. ಸಂಶಯ ಹುಟ್ಟುವುದು ಸಹಜ. ಮೇಲಾಗಿ, ಘಟನೆಯಾದ ಕೆಲವೇ ವಾರಗಳಲ್ಲಿ ಬರೆದ ಪತ್ರದಲ್ಲಿ ಹಾಲ್‌ವೆಲ್ಲನೇ ಬೇರೆ ಸಂಖ್ಯೆ ಕೊಟ್ಟಿದ್ದ. 1915ರಲ್ಲಿ ಜೆ. ಎಚ್. ಲಿಟ್ಲ್ ಎಂಬವರು ಇಡೀ ಕಥೆಯೇ ಕಟ್ಟುಕಥೆ ಎಂದು ವಾದಿಸಿದರು. ಆದರೆ ಬದುಕಿ ಬಂದ ಬೇರೆಯವರ ಹೇಳಿಕೆಗಳೂ ಇದ್ದವು, ಪೂರ್ತಿ ತಳ್ಳಿಹಾಕುವಂತಿರಲಿಲ್ಲ. 1959ರಲ್ಲಿ ಬ್ರಿಜೇನ್ ಗುಪ್ತ ಎಂಬ ವಿದ್ವಾಂಸರು ಇದ್ದಬದ್ದ ದಾಖಲೆಗಳನ್ನೆಲ್ಲ ತಾಳೆ ನೋಡಿ, ಕೋಣೆಗೆ ಹೋದವರು ಸುಮಾರು 64, ಬದುಕಿದವರು 21 ಎಂದು ಅಂದಾಜು ಮಾಡಿದರು. ದುರಂತ ನಡೆದದ್ದು ನಿಜ, ಅಂಕಿ ಉಬ್ಬಿದ್ದು ಎಂಬುದು ಈ ಲೆಕ್ಕದ ಫಲಿತಾಂಶ.

ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ನವಾಬನು ಕ್ರೂರಿಯೆಂದು ತೋರಿಸಲು ಈ ಕಥೆಯನ್ನು ಮುಂದಿನವರು ಬಳಸಿಕೊಂಡರಷ್ಟೆ. ಆದರೆ ನವಾಬನ ಅಪ್ಪಣೆ ರಾತ್ರಿಗೆ ಸೆರೆಯಲ್ಲಿಡಬೇಕೆಂಬುದಷ್ಟೇ ಆಗಿತ್ತೆಂದೂ, ಮುಂದಿನದು ಕೆಳಗಿನ ಜಮಾದಾರರ ಸೇಡೆಂದೂ ತಾನು ನಂಬಿರುವುದಾಗಿ ಹಾಲ್‌ವೆಲ್ಲನೇ ಬರೆದಿದ್ದಾನೆ. ತನ್ನ ಪಕ್ಷಕ್ಕೆ ಲಾಭವಿಲ್ಲದ ಮಾತನ್ನು ಒಬ್ಬನು ಹೇಳಿದರೆ ಅದಕ್ಕೆ ಹೆಚ್ಚು ತೂಕ. ಗಿರಾಕಿಯು ತನಗೆ ಬರಬೇಕಾದ ಹಣದ ಬಗ್ಗೆ ಹೇಳಿದ್ದನ್ನು ನಾವು ಎರಡು ಸಲ ನೋಡುತ್ತೇವೆ. ತಾನು ಕೊಡಬೇಕಾದ ಬಾಕಿಯನ್ನು ತಾನೇ ಹೇಳಿದರೆ ಅಷ್ಟು ಅನುಮಾನಿಸುವುದಿಲ್ಲ.

ಎರಡನೆಯ ನಿದರ್ಶನ ನಮ್ಮ ನಾಡಿನದೇ. ಮೆಡೋಸ್ ಟೇಲರ್ 1841ರಲ್ಲಿ ಸುರಪುರ ಸಂಸ್ಥಾನಕ್ಕೆ ಬಂದು 1853ರ ವರೆಗೆ ಅಲ್ಲಿದ್ದ. ಬಾಲಕನಾಗಿದ್ದ ರಾಜ ವೆಂಕಟಪ್ಪ ನಾಯಕನನ್ನು ಹತ್ತಿರದಿಂದ ಕಂಡವನು. ಟೇಲರನ ಆತ್ಮಕಥೆ ಅವನು ಸತ್ತ ಮರುವರ್ಷ, 1877ರಲ್ಲಿ, ಮಗಳ ಸಂಪಾದನೆಯಲ್ಲಿ ಹೊರಬಂದಿತು. ಸುರಪುರದ ಚರಿತ್ರೆ ಬರೆಯುವವರಿಗೆ ಅದನ್ನು ಬಿಟ್ಟರೆ ನಡೆಯುವುದಿಲ್ಲ. ಆದರೆ ಒಂದೇ ಪುಸ್ತಕದಲ್ಲಿ ಎಲ್ಲ ಪುಟಗಳಿಗೂ ಒಂದೇ ಬೆಲೆಯಿಲ್ಲ. ಅಲ್ಲಿನ ಆಡಳಿತವನ್ನು ತಾನು ನಡೆಸಿದ ಬಗೆ, 1858ರ ದಂಗೆಯ ತರುವಾಯ ಸಿಕಂದರಾಬಾದಿನ ಸೆರೆಯಲ್ಲಿ ಆ ತರುಣನನ್ನು ಕಂಡು ಮಾತನಾಡಿದ್ದು, ಇವು ತಾನಿದ್ದು ಕಂಡ ಸಂಗತಿಗಳು. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ರಾಜನು ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾನೇ ಹೊಡೆದುಕೊಂಡು ಸತ್ತನೆಂದು ಅವನು ಬರೆಯುವುದು ಕೇಳಿದ ಸಂಗತಿ; ಅಲ್ಲಿ ಅವನಿರಲಿಲ್ಲ. ಆಡಳಿತದ ವಿಷಯದಲ್ಲೂ ಎಚ್ಚರ ಬೇಕು. ತನ್ನ ಆಡಳಿತವನ್ನು ತಾನೇ ಕೆಟ್ಟದೆಂದು ಯಾರು ಬರೆಯುತ್ತಾರೆ? ಸಾಲದುದಕ್ಕೆ ಟೇಲರ್ ಹೆಸರಾಂತ ಕಾದಂಬರಿಕಾರ. ಕಥೆ ಹೇಳಬಲ್ಲವನ ನೆನಪು ಕಥೆಯ ಕಡೆಗೇ ವಾಲುತ್ತದೆ.

ಈ ಎರಡರಿಂದ ನಾನು ಕಲಿತದ್ದನ್ನು ಒಟ್ಟುಮಾಡಿ ಹೇಳುತ್ತೇನೆ. ನೆನಪಿನ ಬರಹ ಸಿಕ್ಕಾಗ ಕೇಳಬೇಕಾದ ಪ್ರಶ್ನೆಗಳು ಕೆಲವೇ. ನಡೆದದ್ದು ಯಾವಾಗ, ಬರೆದದ್ದು ಯಾವಾಗ? ಕಂಡದ್ದೋ, ಕೇಳಿದ್ದೋ? ಹೀಗೆ ಹೇಳುವುದರಿಂದ ಬರೆದವನಿಗೇನು ಲಾಭ? ಆ ಕಾಲದ ಕಾಗದಪತ್ರ ಏನು ಹೇಳುತ್ತದೆ? ಕಡೆಯದಾಗಿ, ಬರೆದವನು ಯಾವುದನ್ನು ಹೇಳದೆ ಬಿಟ್ಟಿದ್ದಾನೆ?

ಇದೇ ಪ್ರಶ್ನೆಗಳನ್ನು ಹಿಡಿದು ಅಜ್ಜನ ಲೇಖನವನ್ನು ಮತ್ತೆ ಓದಿದೆ. ಸ್ಫೋಟದ ಪುಟ ನಿಲ್ಲಲಿಲ್ಲ. ಆದರೆ ಯಾರೂ ಗಮನಿಸದೆ ದಾಟಿಹೋದ ಒಂದು ವಾಕ್ಯವಿತ್ತು. ತಿಂಗಳಿಗೆ ಎಂಟು ರೂಪಾಯಿ ಸಂಬಳದಲ್ಲಿ ಐದು ರೂಪಾಯಿಯನ್ನು ತಾಯಿಗೆ ಕಳುಹಿಸುತ್ತಿದ್ದರಂತೆ. ಅಜ್ಜ ಅದನ್ನು ಹೆಮ್ಮೆಯಿಂದ ಬರೆದದ್ದಲ್ಲ, ಮಾತಿನ ನಡುವೆ ಬಂದದ್ದು. ಅದೇ ತಗಡಿನ ಪೆಟ್ಟಿಗೆಯಲ್ಲಿ ಮನಿಯಾರ್ಡರಿನ ತುಂಡುಗಳ ಕಟ್ಟೊಂದಿತ್ತು. ತಿಂಗಳು ತಿಂಗಳು ಐದು ರೂಪಾಯಿ. ನಾನು ಒಂದೊಂದನ್ನೂ ಎಣಿಸಿ ನೋಡಿದೆ, ತಾಳೆಯಾಯಿತು.

ಆದರೆ 1946ರಲ್ಲಿ ಮೂರು ತಿಂಗಳ ತುಂಡುಗಳು ಮಾತ್ರ ಇರಲಿಲ್ಲ. ಅಜ್ಜಿಯನ್ನು ಕೇಳಿದೆ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, ಆಗ ಅಜ್ಜನಿಗೆ ವಿಷಮಜ್ವರ ಬಂದು ಕೆಲಸ ಹೋಗಿತ್ತೆಂದೂ, ಜೊತೆಯ ಹುಡುಗರು ತಮ್ಮ ಪಾಲಿನ ಅನ್ನದಲ್ಲಿ ಉಳಿಸಿ ತಂದು ಉಣ್ಣಿಸಿದರೆಂದೂ ಹೇಳಿದರು. "ಮದುವೆಯಾದ ಮೇಲೆ ಒಂದೇ ಸಲ ಹೇಳಿದ್ದರು ಮಗಾ, ಮತ್ತೆ ಆ ಮಾತು ಎತ್ತಲಿಲ್ಲ" ಎಂದರು. ಇದೂ ಅಜ್ಜಿ ಕಂಡದ್ದಲ್ಲ, ಕೇಳಿದ್ದು, ಹಾಗೆಂದೇ ಬರೆಯಬೇಕು. ಆದರೆ ಇಲ್ಲದ ಮೂರು ತುಂಡುಗಳು ಆ ಮಾತಿಗೆ ಹೊಂದಿಕೊಳ್ಳುತ್ತವೆ.

ಮಹನೀಯರೇ, ನನ್ನ ತಂದೆಯವರ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು. ತಾಳೆ ನೋಡಿದ್ದರಿಂದ ಅಜ್ಜನ ಲೇಖನದಿಂದ ಒಂದು ಸ್ಫೋಟ ಹೋಯಿತು; ಅದರ ಬದಲಿಗೆ ತಾಯಿಗೆ ತಪ್ಪದೆ ಹಣ ಕಳುಹಿಸಿದ ಹುಡುಗನೂ, ಅವನಿಗೆ ಅನ್ನವಿಟ್ಟ ಹೆಸರಿಲ್ಲದ ಹುಡುಗರೂ ಬಂದರು. ಸ್ಫೋಟದ ಚರಿತ್ರೆಯನ್ನು ಬರೆದವರು ಬೇಕಾದಷ್ಟು ಮಂದಿಯಿದ್ದಾರೆ. ಆ ಹುಡುಗರ ಚರಿತ್ರೆಯನ್ನು ನಾವು ಬರೆಯದಿದ್ದರೆ ಇನ್ನಾರೂ ಬರೆಯುವುದಿಲ್ಲ. ಇದನ್ನು ಹೇಳಿದಾಗ ತಂದೆಯವರು ತಾವೇ ಆ ಕಾರ್ಡನ್ನು ತೆಗೆದು ನನ್ನ ಕೈಗೆ ಕೊಟ್ಟರು. ಅದು ಈಗ ನನ್ನ ಜೇಬಿನಲ್ಲಿದೆ; ಸಭೆ ಮುಗಿದ ಮೇಲೆ ಯಾರು ಬೇಕಾದರೂ ನೋಡಬಹುದು.

ಆದುದರಿಂದ ಸಂಪಾದಕ ಸಮಿತಿಗೆ ನನ್ನ ಬಿನ್ನಹವಿಷ್ಟೆ. ಹಿರಿಯರು ಬರೆದದ್ದನ್ನು ದಯವಿಟ್ಟು ತಿದ್ದಬೇಡಿ, ಒಂದು ಪದವನ್ನೂ ತೆಗೆಯಬೇಡಿ. ಅವರ ಪಕ್ಕದಲ್ಲಿ ಕುಳಿತು ಇಸವಿಯನ್ನೂ, ಆಗಿನ ವಯಸ್ಸನ್ನೂ, ಕಂಡದ್ದೋ ಕೇಳಿದ್ದೋ ಎಂಬುದನ್ನೂ ಕೇಳಿ ಕೊನೆಯಲ್ಲಿ ಟಿಪ್ಪಣಿಯಾಗಿ ಸೇರಿಸಿ. ಮನೆಯಲ್ಲಿರುವ ಹಳೆಯ ಕಾರ್ಡು, ರಸೀದಿ, ರೇಷನ್ ಚೀಟಿ, ಶಾಲೆಯ ಸರ್ಟಿಫಿಕೇಟು, ಯಾವುದನ್ನೂ ರದ್ದಿಯವನಿಗೆ ಹಾಕದಂತೆ ತಾಯಂದಿರಿಗೆ ತಿಳಿಸಿ. ಅಜ್ಜನ ಲೇಖನವನ್ನೂ ಇದ್ದಂತೆಯೇ ಮತ್ತೆ ಅಚ್ಚುಹಾಕಿ. ಅದರ ಕೆಳಗೆ ಕಾರ್ಡಿನ ತಾರೀಖನ್ನೂ ಆ ಮೂರು ತಿಂಗಳ ಸಂಗತಿಯನ್ನೂ ಸೇರಿಸಲು ನಮ್ಮ ಮನೆಯವರೆಲ್ಲರ ಒಪ್ಪಿಗೆಯಿದೆ. ಆ ವಿದ್ಯಾರ್ಥಿಗೂ ಪತ್ರ ಬರೆದಿದ್ದೇನೆ.