ಮಹದಾಯಿಯ ಹೆಸರು ಹೊತ್ತ ಹಾಯಿದೋಣಿ

(ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಉಪನ್ಯಾಸ)



ನಮ್ಮ ಖಾನಾಪುರ ಸೀಮೆಯ ಕಾಡುಗಳಲ್ಲಿ ಎರಡು ನದಿಗಳು ಹುಟ್ಟುತ್ತವೆ. ಕಣಕುಂಬಿಯ ಮಲಪ್ರಭೆ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಕೂಡುತ್ತಾಳೆ. ಮಹದಾಯಿ ಪಶ್ಚಿಮಕ್ಕೆ ಇಳಿದು, ಗೋವೆಯಲ್ಲಿ ಮಾಂಡವಿಯೆನಿಸಿ ಕಡಲನ್ನು ಸೇರುತ್ತಾಳೆ. ಮಹದಾಯಿಯ ನೀರಿನ ವ್ಯಾಜ್ಯವನ್ನು ಪತ್ರಿಕೆಗಳಲ್ಲಿ ಓದಿ ಓದಿ ನಾವು ದಣಿದಿದ್ದೇವೆ. ಆದರೆ ಅವಳ ಹೆಸರು ಹೊತ್ತ ಹಾಯಿದೋಣಿಯೊಂದು ಭೂಮಂಡಲವನ್ನೇ ಸುತ್ತಿಬಂದ ಸಂಗತಿ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಗೋವೆಯವರ ಉಚ್ಚಾರದಂತೆ ಅದರ ಹೆಸರು ‘ಮ್ಹಾದೇಯಿ’. ಮಾಂಡವಿಯ ನಡುವಿರುವ ದಿವಾರ್ ದ್ವೀಪದಲ್ಲಿ ರತ್ನಾಕರ ದಾಂಡೇಕರರು ಕಟ್ಟಿದ 56 ಅಡಿಯ ದೋಣಿ ಅದು. ನಮ್ಮ ಕಾಡಿನ ನೀರು ಅದರ ಪಕ್ಕದಲ್ಲಿಯೇ ಹರಿದುಹೋಗಿರಬೇಕು. 2009ರ ಫೆಬ್ರವರಿಯಲ್ಲಿ ಅದು ನೌಕಾಪಡೆಯನ್ನು ಸೇರಿತು. ಅದರಲ್ಲಿ ಏಕಾಂಗಿಯಾಗಿ ಜಗತ್ತನ್ನು ಸುತ್ತಿ, ಹಾಗೆ ಮಾಡಿದ ಮೊದಲ ಭಾರತೀಯರೆನಿಸಿದವರು ಕಮಾಂಡರ್ ದಿಲೀಪ್ ದೋಂದೆ. ಈ ಕಥೆ ಪ್ರಸಿದ್ಧವಾಗಿದೆ. ನಾನಿಂದು ಹೇಳಬಯಸುವುದು ಅದಕ್ಕೆ ಮುಂಚಿನ ಒಂದು ಚಿಕ್ಕ ಯಾನವನ್ನು ಕುರಿತು.

ಆ ವರ್ಷದ ಬೇಸಗೆಯಲ್ಲಿ ದೋಂದೆಯವರು ಜೊತೆಗಾರರೊಂದಿಗೆ ಮಾರಿಷಸ್ಸಿಗೆ ಹೋದರು. ಗೋವೆಗೆ ಮರಳಿದ್ದು ಒಬ್ಬರೇ. ನೇರ ಅಳತೆಯಲ್ಲಿ ಸುಮಾರು 2,300 ನಾಟಿಕಲ್ ಮೈಲಿ. ಚಿಕ್ಕದೆಂದುದು ಭೂಪ್ರದಕ್ಷಿಣೆಗೆ ಹೋಲಿಸಿ ಮಾತ್ರ! ಕಾಲವಾದರೂ ಎಂಥದು? ನೈಋತ್ಯ ಮಾರುತ ಏರಿಬರುವ ಹೊತ್ತು. ನಮ್ಮ ಕರಾವಳಿಯ ಮೀನುಗಾರರು ದೋಣಿಗಳನ್ನು ದಡಕ್ಕೆಳೆದು ಸೋಗೆ ಹೊದಿಸುವ ಹೊತ್ತು. ಸಮಭಾಜಕದ ದಕ್ಷಿಣಕ್ಕೆ ಆಗ್ನೇಯದ ಸ್ಥಿರವಾದ ಗಾಳಿ ಬೀಸುತ್ತದೆ. ಅದನ್ನು ದಾಟುವಲ್ಲಿ ಒಮ್ಮೆ ಎಲೆಯೂ ಅಲುಗದ ಸ್ತಬ್ಧತೆ, ಒಮ್ಮೆ ಹಠಾತ್ತನೆ ಬಿರುಮಳೆ. ಆಮೇಲೆ ಬೆನ್ನಿಗೆ ಬೀಳುವುದೇ ಮುಂಗಾರು. ಅಂದರೆ ಇತರರು ಯಾವ ಗಾಳಿಗೆ ಹೆದರಿ ದಡ ಸೇರುವರೋ, ಅದೇ ಗಾಳಿಯನ್ನು ಹಾಯಿಯಲ್ಲಿ ಹಿಡಿದು ಇವರು ಮನೆಗೆ ಬರಬೇಕಾಗಿತ್ತು. ಮಾಂಡವಿಯ ಅಳಿವೆಯೋ ಮಳೆಗಾಲದಲ್ಲಿ ಮರಳದಿಣ್ಣೆಯ ಮೇಲೆ ಅಲೆಯೊಡೆದು ನಾವೆಗಳಿಗೆ ಮುಚ್ಚಿಹೋಗುತ್ತದೆ.

ಒಂಟಿ ನಾವಿಕನಿಗೆ ಇಡೀ ರಾತ್ರಿಯ ನಿದ್ದೆಯೆಂಬುದಿಲ್ಲ. ಚುಕ್ಕಾಣಿಯನ್ನು ಯಂತ್ರಕ್ಕೊಪ್ಪಿಸಿ, ತುಣುಕು ತುಣುಕಾಗಿ ಮಲಗಿ, ನಡುನಡುವೆ ಎದ್ದು ಹಡಗಿನ ದೀಪವೇನಾದರೂ ಕಾಣುವುದೇ ಎಂದು ನೋಡಬೇಕು. ನಡುರಾತ್ರಿ ಗಾಳಿ ಬಲಿತರೆ ಹಾಯಿ ಕುಗ್ಗಿಸಲು ಇನ್ನೊಂದು ಕೈಯಿಲ್ಲ. ನೌಕಾಪಡೆಯೆಂದರೆ ನೂರಾರು ಜನ ಒಟ್ಟಾಗಿ ದುಡಿಯುವ ಲೋಕ. ಅಲ್ಲಿ ಬೆಳೆದವನು ಒಬ್ಬನೇ ಇರಬಲ್ಲನೇ ಎಂಬುದನ್ನು ಯಾವ ತರಗತಿಯಲ್ಲೂ ಪರೀಕ್ಷಿಸಲಾಗದು. ಅದು ಗೊತ್ತಾಗಬೇಕಾದುದು ಈ ಯಾನದಲ್ಲಿಯೇ. ಇಲ್ಲಿ ಎಡವಿದ್ದರೆ ಆಗಸ್ಟಿನ ಯಾತ್ರೆಯೇ ನಿಂತುಹೋಗುತ್ತಿತ್ತೆಂದು ನನ್ನ ಭಾವನೆ. ನನ್ನ ಮಟ್ಟಿಗಂತೂ ಭೂಪ್ರದಕ್ಷಿಣೆಗಿಂತ ಇದೇ ಹೆಚ್ಚು ಕುತೂಹಲದ್ದು.

2009ರ ಆಗಸ್ಟ್ 19ರಂದು ಅವರು ಮುಂಬಯಿಯಿಂದ ಹೊರಟರು. ನಾಲ್ಕೇ ಬಂದರುಗಳಲ್ಲಿ ತಂಗಿ, 2010ರ ಮೇ 19ರಂದು ಮರಳಿದರು. ಆಗಲೂ ಕಡಲು ಮುಚ್ಚುವ ಕಾಲವೇ. ತಮ್ಮ ಅನುಭವಗಳನ್ನು ಅವರು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬರೆದಿದ್ದಾರೆ. ಅದರ ಒಂದು ಪ್ರತಿಯನ್ನು ಶಾಲೆಯ ಗ್ರಂಥಾಲಯಕ್ಕೆಂದು ತಂದಿದ್ದೇನೆ. ಮೇಲಿನ ತರಗತಿಯ ಮಕ್ಕಳು ಗುರುಗಳ ನೆರವಿನಿಂದ ಅದರ ಒಂದೊಂದೇ ಅಧ್ಯಾಯವನ್ನು ಕನ್ನಡಕ್ಕೆ ತರುವುದಾದರೆ, ಓದಲು ನಾನು ಮತ್ತೆ ಬರುತ್ತೇನೆ.